ರಾತ್ರಿಶಾಲೆಯ ಋಣ

ಮುಂಬಯಿ ಕನ್ನಡಿಗರ ಏಳಿಗೆಯ ಮಾತು ಬಂದಾಗ ನಾವು ಹೊಟೇಲುಗಳ ಹೆಸರು ಹೇಳುತ್ತೇವೆ, ಬ್ಯಾಂಕುಗಳ ಹೆಸರು ಹೇಳುತ್ತೇವೆ. ರಾತ್ರಿಶಾಲೆಗಳ ಹೆಸರು ಮಾತ್ರ ಹೊತ್ತು ಉಳಿದರೆ ಬರುತ್ತದೆ. ನ್ಯಾಯವಾಗಿ ಅದು ಮೊದಲು ಬರಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಊರಿನಲ್ಲಿ ರಾತ್ರಿಶಾಲೆ ತೆರೆದದ್ದು 1908ರಲ್ಲಿ. ಬಳಿಕ ಬೇರೆ ಸಂಘಗಳೂ ಆ ಹಾದಿ ಹಿಡಿದವು. ಹಗಲೆಲ್ಲ ಮೇಜು ಒರೆಸಿ ಸಂಜೆ ಪುಸ್ತಕ ಹಿಡಿದ ಹುಡುಗರು ಗುಮಾಸ್ತರಾದರು, ವಕೀಲರಾದರು, ಹೊಟೇಲಿನ ಧಣಿಗಳೂ ಆದರು. ದುಡಿಯುವವರಿಗೂ ಕಾಲೇಜು ಸಿಗಲೆಂದು ಬೆಳಗಿನ ತರಗತಿ ನಡೆಸಿದ ಸಿದ್ಧಾರ್ಥ ಕಾಲೇಜನ್ನು ಡಾ. ಅಂಬೇಡ್ಕರರು ಸ್ಥಾಪಿಸಿದ್ದು 1946ರಲ್ಲಿ, ಇದೇ ಊರಿನಲ್ಲಿ.

ಇದನ್ನೆಲ್ಲ ಈಗ ನೆನೆಯಲು ಕಾರಣವುಂಟು. ಓದು ಅರ್ಧಕ್ಕೆ ನಿಂತವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಕ್ಯಾಂಟೀನಿನಲ್ಲಿ ದುಡಿಯುವ ತಮ್ಮಂದಿರಿದ್ದಾರೆ. ಅವರಿಗಿಂತ ಹತ್ತಿರದಲ್ಲಿ, ನಮ್ಮ ಮನೆಗಳಲ್ಲೇ, ಹತ್ತನೆಯ ತರಗತಿಯೋ ಪಿ.ಯು.ಸಿ.ಯೋ ಮುಗಿಯುವ ಮೊದಲೇ ಮದುವೆಯಾಗಿ ಈ ಊರಿಗೆ ಬಂದ ಸೊಸೆಯಂದಿರಿದ್ದಾರೆ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಆಕೆಗೆ ತಾನೂ ಓದಬೇಕು, ನಾಲ್ಕು ಕಾಸು ಸಂಪಾದಿಸಬೇಕು ಎನಿಸುತ್ತದೆ. “ಈ ವಯಸ್ಸಿನಲ್ಲಿ ಓದಿ ಯಾರನ್ನು ಉದ್ಧಾರ ಮಾಡಬೇಕಾಗಿದೆ?” ಎಂಬ ಮಾತು ಒಳಗಿನಿಂದ ಬರುತ್ತದೆ. ರಾತ್ರಿಶಾಲೆಯ ದೀಪದಲ್ಲಿ ಬೆಳೆದ ಮನೆಯಿಂದ ಈ ಮಾತು ಬಂದರೆ ಅದಕ್ಕಿಂತ ದೊಡ್ಡ ಮರೆವು ಬೇರೊಂದಿಲ್ಲ.

ವಯಸ್ಸಿನ ಅಡ್ಡಿ ಕಾನೂನಿನಲ್ಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ 14 ವರ್ಷ, ಹನ್ನೆರಡನೆಯದಕ್ಕೆ 15 ವರ್ಷ ತುಂಬಿದ್ದರೆ ಸಾಕು. ಮೇಲಿನ ಮಿತಿಯೇ ಇಲ್ಲ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ. ಹೆಸರು ನೋಂದಾಯಿಸಿದ ಮೇಲೆ 5 ವರ್ಷಗಳ ಅವಧಿಯಲ್ಲಿ 9 ಅವಕಾಶಗಳು. ಐದು ವಿಷಯಗಳನ್ನು ಒಮ್ಮೆಗೇ ಬರೆಯಬೇಕೆಂಬ ಬಲವಂತವಿಲ್ಲ. ಒಂದೋ ಎರಡೋ ಬರೆದು ಪಾಸಾದರೆ ಅದು ಲೆಕ್ಕದಲ್ಲಿ ಉಳಿಯುತ್ತದೆ. ಹತ್ತನೆಯ ತರಗತಿಯ ಭಾಷಾ ವಿಷಯಗಳಲ್ಲಿ ಕನ್ನಡವೂ ಉಂಟು. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಮುಂದೆ ಪದವಿಗೆ ದಿಲ್ಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ (1985) ದೇಶಕ್ಕೆಲ್ಲ ಇದೆ. ನಾಸಿಕದಲ್ಲಿ (1989), ಹೈದರಾಬಾದಿನಲ್ಲಿ (1982), ಚೆನ್ನೈಯಲ್ಲಿ (2002) ಆಯಾ ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳಿವೆ. ಆದರೆ ದಾರಿ ಹಿಡಿಯುವ ಮೊದಲು ಊರು ಯಾವುದೆಂದು ತಿಳಿದಿರಬೇಕು. ಬೇಕಾದ ಕೆಲಸದ ಜಾಹೀರಾತನ್ನು ಮುಂದಿಟ್ಟುಕೊಂಡು, ಅದು ಕೇಳುವ ಅರ್ಹತೆ ಏನೆಂದು ಓದಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಲೆಕ್ಕಪತ್ರದ ಕೆಲಸಕ್ಕೆ ಬಿ.ಕಾಂ. ಅನ್ನು ಮನೆಯಲ್ಲೇ ಓದಬಹುದು. ನರ್ಸಿಂಗು, ಕಾನೂನು, ಇಂಜಿನಿಯರಿಂಗುಗಳನ್ನು ದೂರಶಿಕ್ಷಣದಲ್ಲಿ ಕಲಿಸಲು ಅನುಮತಿಯಿಲ್ಲ. “ಒಂದೇ ವರ್ಷದಲ್ಲಿ ಪದವಿ” ಎಂದು ಕರೆಯುವವರ ಬಳಿ ಹೋಗಲೇಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಹಣವೂ ಹೋಗಿ, ಕೊನೆಗೆ ಕೈಯಲ್ಲಿ ಉಳಿಯುವುದು ಬರಿಯ ಕಾಗದ. ವಿಶ್ವವಿದ್ಯಾಲಯ ಅನುದಾನ ಆಯೋಗದ ಮನ್ನಣೆ ಆ ವರ್ಷಕ್ಕೆ, ಆ ವಿಷಯಕ್ಕೆ ಇದೆಯೇ ಎಂದು ನೋಡಿಯೇ ಶುಲ್ಕ ಕಟ್ಟಬೇಕು.

ಇನ್ನು ಸಿದ್ಧತೆಯ ಮಾತು. ಇಪ್ಪತ್ತು ವರ್ಷ ಓದು ಬಿಟ್ಟವರಿಗೆ ಮೊದಲು ಸೋಲುವುದು ಬುದ್ಧಿಯಲ್ಲ, ಕೈ. ಮೂರು ಗಂಟೆ ಬಿಡದೆ ಬರೆಯುವ ರೂಢಿ ತಪ್ಪಿರುತ್ತದೆ. ದಿನಕ್ಕೊಂದು ಪುಟ ಬರೆಯುವುದರಿಂದ ತೊಡಗಿ ಮೆಲ್ಲನೆ ಹೆಚ್ಚಿಸಬೇಕು. ಎರಡನೆಯದು ಇಂಗ್ಲಿಷು. ಕನ್ನಡದಲ್ಲಿ ಓದಿದವರು ಪಾಠವನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಅರ್ಥವಾದದ್ದಕ್ಕೆ ಶಬ್ದ ಹುಡುಕುವುದು ಸುಲಭ, ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದೇ ಕಷ್ಟ. ಮೂರನೆಯದು ಲೆಕ್ಕ. ಇದರಲ್ಲಿ ಮನೆಯಾಕೆ ಹಿಂದೆ ಬಿದ್ದವಳಲ್ಲ. ತಿಂಗಳ ಖರ್ಚು, ಚೀಟಿಯ ಹಣ, ಸಾಲದ ಬಡ್ಡಿ ಎಲ್ಲವನ್ನೂ ಆಕೆ ಬಾಯಿಲೆಕ್ಕದಲ್ಲೇ ಮಾಡುತ್ತಾಳೆ. ಅದನ್ನು ಕಾಗದದ ಮೇಲೆ ಹಂತಹಂತವಾಗಿ ಬರೆಯುವುದಷ್ಟೇ ಕಲಿಯಬೇಕು.

ಇಷ್ಟಕ್ಕೂ ಬೇಕಾದದ್ದು ಹೊತ್ತು, ಅದು ಮಾತ್ರ ಆಕೆಯ ಕೈಯಲ್ಲಿಲ್ಲ. ಬೆಳಗಿನ ಡಬ್ಬಿ, ನೀರು ಬರುವ ವೇಳೆ, ಮಕ್ಕಳ ಟ್ಯೂಷನ್ನು, ಸಂಜೆಯ ಅಡಿಗೆ — ಇವುಗಳ ನಡುವೆ ಒಂದು ಗಂಟೆಯನ್ನು ಮನೆಯವರೇ ಬಿಡಿಸಿಕೊಡಬೇಕು. ಬರಿಯ “ಓದು, ಬೇಡವೆನ್ನುವುದಿಲ್ಲ” ಎಂಬ ಅಪ್ಪಣೆ ಸಾಲದು. ಗಂಡ ಅನ್ನಕ್ಕೆ ಇಟ್ಟರೆ, ಅತ್ತೆ ಟೀವಿಯ ಸದ್ದು ತಗ್ಗಿಸಿದರೆ, ಪರೀಕ್ಷೆಯ ತಿಂಗಳಲ್ಲಿ ಊರಿನ ಮದುವೆಯೊಂದಕ್ಕೆ ಆಕೆ ಹೋಗದಿದ್ದರೂ ಯಾರೂ ಕೊಂಕು ನುಡಿಯದಿದ್ದರೆ, ಅದೇ ದೊಡ್ಡ ವಿದ್ಯಾದಾನ.

ಸಂಘಗಳಿಗೂ ಒಂದು ಬಿನ್ನಹ. ಹೊಸ ಕಟ್ಟಡ ಬೇಡ, ನಿಧಿ ಬೇಡ. ನಮ್ಮ ವಾಚನಾಲಯಗಳ ಬಾಗಿಲು ವಾರಕ್ಕೆ ಮೂರು ದಿನ, ಎರಡೆರಡು ಗಂಟೆ ತೆರೆದಿರಲಿ. ನಿವೃತ್ತರಾದ ಮೇಷ್ಟರೊಬ್ಬರು, ಬ್ಯಾಂಕಿನಲ್ಲಿದ್ದ ಹಿರಿಯರೊಬ್ಬರು ಅಲ್ಲಿ ಕುಳಿತಿರಲಿ. ಅರ್ಜಿ ತುಂಬಿಸಿಕೊಡಲು, ಉತ್ತರ ತಿದ್ದಲು, ಸೋತು ಬಂದವರಿಗೆ “ಅಕ್ಟೋಬರಿನಲ್ಲಿ ಮತ್ತೆ ಬರೆಯಮ್ಮ” ಎನ್ನಲು ಒಬ್ಬರಿದ್ದರೆ ಸಾಕು. 1908ರಲ್ಲಿ ಹತ್ತಿಸಿದ ದೀಪಕ್ಕೆ ಎಣ್ಣೆ ಹೊಯ್ಯುವ ಸರದಿ ಈಗ ನಮ್ಮದು.