ಸ್ಕ್ವಾಡೂ ಹಪ್ಪಳವೂ

ನಮ್ಮ ಆಫೀಸಿನಲ್ಲಿ ರಾತ್ರೋರಾತ್ರಿ ಟೀಮುಗಳೆಲ್ಲ ‘ಸ್ಕ್ವಾಡ್’, ವಿಭಾಗಗಳೆಲ್ಲ ‘ಟ್ರೈಬ್’ ಆದವು. ಸ್ಪಾಟಿಫೈನವರು ಹೀಗೇ ಮಾಡ್ತಾರಂತೆ! 2012ರಲ್ಲಿ ಆ ಪದ್ಧತಿಯನ್ನು ವಿವರಿಸಿದವರೇ, ಇದು ನಮ್ಮ ಸದ್ಯದ ಚಿತ್ರ ಅಷ್ಟೇ, ಬದಲಾಗುತ್ತಲೇ ಇರುತ್ತದೆ ಎಂದಿದ್ದರು. ಅದನ್ನು ಯಾರು ಓದಿದರು? ಹೆಸರು ಬದಲಾಯಿತು, ಹತ್ತು ಸಾವಿರದ ಖರ್ಚಿಗೂ ಮೂರು ಜನರ ಸಹಿ ಬೇಕು ಅನ್ನೋದು ಬದಲಾಗಲಿಲ್ಲ.

ಲಿಜ್ಜತ್ ಹಪ್ಪಳದವರನ್ನು ನೋಡಿ. 1959ರಲ್ಲಿ ಮುಂಬೈನ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ್ದು. ದಿನವಿಡೀ ಮನೆ ಬಿಟ್ಟು ಬರಲಾಗದವರಿಗೆ ದುಡಿಮೆ ಬೇಕಿತ್ತು. ಅದಕ್ಕೇ ಹಿಟ್ಟು ಕಲಸುವುದು ಶಾಖೆಯಲ್ಲಿ, ಲಟ್ಟಿಸುವುದು ಮನೆಯಲ್ಲಿ. ತಂದದ್ದನ್ನು ಪರೀಕ್ಷಿಸಿ, ತೂಕದ ಲೆಕ್ಕದಲ್ಲಿ ಕೂಲಿ. ಲಟ್ಟಿಸುವವಳೇ ಒಡತಿ, ಲಾಭ ನಷ್ಟ ಎರಡರಲ್ಲೂ ಪಾಲು. ಮನೆಯಲ್ಲಿ ಕೂತವಳ ಮೇಲೆ ಕಣ್ಣಿಡೋಕೆ ಮ್ಯಾನೇಜರ್ ಯಾಕೆ ಬೇಕು? ಕೆಟ್ಟ ಹಪ್ಪಳದ ನಷ್ಟ ಅವಳದ್ದೂ ಹೌದಲ್ಲ!

ಇದನ್ನೂ ನಕಲು ಮಾಡಿ ಅಂತಿಲ್ಲ. ನಮ್ಮ ಕೆಲಸ ಎಲ್ಲಿ ಸಿಕ್ಕಿಕೊಳ್ತಿದೆ ಅಂತ ಮೊದಲು ನೋಡ್ರೀ. ಆ ಮೂರು ಸಹಿಯಲ್ಲಿ ಎರಡನ್ನು ತೆಗೀರಿ. ಆಮೇಲೆ ನಮ್ಮ ಟೀಮಿಗೆ ‘ಒಠಾರ’ ಅಂತ ಹೆಸರಿಟ್ಟರೂ ಕೆಲಸ ನಡೆಯುತ್ತೆ.