‘ಏಕೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ಇಂಗ್ಲಿಷು ಕಲಿಸುವ ಕ್ರಮದ ವಿಷಯವಾಗಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನನ್ನ ಕಾಲೇಜಿನ ಇಂಗ್ಲಿಷ್ ವಿಭಾಗದ ಮಿತ್ರರೊಬ್ಬರಿಗಂತೂ ತೋರಿಯೇ ಇದೆ. ಮೊನ್ನೆ ಕಾಫಿಯ ವೇಳೆಯಲ್ಲಿ ಅವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಯೂಬಿಟ್ಟರು. ಆದರೂ ಈ ವಿಷಯದಲ್ಲಿ ನನಗೊಂದು ಅಧಿಕಾರವುಂಟೆಂದು ನಾನು ಭಾವಿಸುತ್ತೇನೆ. ನನ್ನ ಅಕ್ಕನ ಇಂಗ್ಲಿಷ್ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನು ಈ ಪ್ರಪಂಚದಲ್ಲಿ ನಾನೊಬ್ಬನೇ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ತಿಪಟೂರಿನ ಕಡೆಯ ತೋಟದ ಮನೆಗೆ ಸೊಸೆಯಾಗಿ ಹೋದವಳು. ಭಾವ ತೀರಿಕೊಂಡ ಮೇಲೆ ತೋಟದ ಲೆಕ್ಕ, ಆಳುಕಾಳುಗಳ ಬಟವಾಡೆ, ಬ್ಯಾಂಕಿನ ಸಾಲ, ಮಂಡಿಯಲ್ಲಿ ಕೊಬ್ಬರಿಯ ಧಾರಣೆಯ ಜಗ್ಗಾಟ, ಎಲ್ಲವನ್ನೂ ಒಬ್ಬಳೇ ತೂಗಿಸಿದಳು. ಮಂಡಿಯ ವರ್ತಕರು ಅವಳ ಮುಂದೆ ಎರಡು ಮಾತು ಕಡಿಮೆಯೇ ಆಡುತ್ತಿದ್ದರು. ಅಂಥವಳನ್ನು ಕಳೆದ ವರ್ಷ ಮಗ ನ್ಯೂ ಜೆರ್ಸಿಗೆ ಕರೆಸಿಕೊಂಡ. ಅಲ್ಲಿಯ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ, ಇಂಗ್ಲಿಷು ಬಾರದ ವಯಸ್ಕರಿಗಾಗಿ, ವಾರಕ್ಕೆರಡು ದಿನ ಪುಕ್ಕಟೆ ಪಾಠ. ಮನೆಯಲ್ಲಿ ಹಗಲೆಲ್ಲ ಗೋಡೆ ನೋಡುವುದಕ್ಕಿಂತ ಇದು ವಾಸಿಯೆಂದು ಅಕ್ಕ ಸೇರಿದಳು. ಪಾಠ ಹೇಳುತ್ತಿದ್ದವರು ನಿವೃತ್ತರಾದ ಒಬ್ಬ ಹೆಂಗಸು. ಸಂಬಳವಿಲ್ಲದೆ, ಮಳೆಯೆನ್ನದೆ ಹಿಮವೆನ್ನದೆ ಬಂದು ಕಲಿಸಿದವರು. ಅವರ ಮೇಲೆ ನನ್ನ ದೂರಿಲ್ಲ. ಅಕ್ಕ ಅವರ ಹೆಸರೆತ್ತಿದರೆ ಇಂದಿಗೂ ಕೈ ಮುಗಿಯುತ್ತಾಳೆ.

ನನ್ನ ದೂರು ಆ ನೋಟ್‌ಬುಕ್ಕಿನ ಮೇಲೆ.

ಹೆಸರು, ವಿಳಾಸ, ದೂರವಾಣಿಯ ಸಂಖ್ಯೆ ಹೇಳುವುದರಿಂದ ಪಾಠ ಪ್ರಾರಂಭ. ಆಮೇಲೆ ಗಡಿಯಾರ ನೋಡುವುದು, ಬಸ್ಸಿನ ವೇಳಾಪಟ್ಟಿ ಓದುವುದು, ಬೆಂಕಿ ಬಿದ್ದರೆ 911ಕ್ಕೆ ಕರೆಯುವುದು. ಇವೆಲ್ಲ ಬೇಕಾದದ್ದೇ. ಆಮೇಲೆ ಅಂಗಡಿಯ ಪಾಠ: ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣು, ಆಟದ ನೋಟು. ಬೆಲೆ ಕೇಳಬೇಕು, ಹಣ ಎಣಿಸಬೇಕು, ಚಿಲ್ಲರೆ ತೆಗೆದುಕೊಳ್ಳಬೇಕು, ಕೊನೆಗೆ ಥ್ಯಾಂಕ್ ಯು ಎನ್ನಬೇಕು. “ನನಗೆ ನಗು ಬಂತು ಕಣೋ,” ಎಂದಳು ಅಕ್ಕ. “ಅವರು ಹೇಳಿದ ಬೆಲೆಗೇ ಕೊಂಡ್ಕೊಳ್ಳೋದನ್ನ ಒಂದು ಪಾಠ ಮಾಡಿ ಹೇಳಿಕೊಟ್ರು.” ಇದಕ್ಕೆ ಅಲ್ಲಿಯವರು ಇಟ್ಟಿರುವ ಹೆಸರು ಲೈಫ್ ಸ್ಕಿಲ್ಸ್. ನಮ್ಮವರು ಅದನ್ನು ‘ಜೀವನ ಕೌಶಲ’ವೆಂದು ಭಕ್ತಿಯಿಂದ ಅನುವಾದಿಸಿಕೊಂಡಿದ್ದಾರೆ. ಕೊಬ್ಬರಿ ಮಂಡಿಯಲ್ಲಿ ಗೆದ್ದು ಬಂದವಳಿಗೆ ಜೀವನದ ಕೌಶಲವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮಾತು. ಮಾತು ಬಾರದವನಿಗೆ ಬದುಕೂ ಬಾರದೆಂದು ಎಣಿಸುವುದು ಈ ವಿದ್ಯೆಯ ಮೊದಲನೆಯ ತಪ್ಪು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಅದು ತಿಳಿದದ್ದು ರಕ್ತಪರೀಕ್ಷೆಯ ದಿನ.

ಹಿಂದಿನ ರಾತ್ರಿಯಿಂದ ಅಕ್ಕ ಏನೂ ತಿಂದಿರಲಿಲ್ಲ. ಬೆಳಿಗ್ಗೆ ಕಾಫಿ ಸಹ ಇಲ್ಲ. ಅವಳಿಗೆ ಅದಕ್ಕಿಂತ ಕಠಿಣವಾದ ತಪಸ್ಸು ಬೇರೆಯಿಲ್ಲ. ಒಳಗೆ ಬರುತ್ತೇನೆಂದ ಮಗನನ್ನು ಕಾರಿನಲ್ಲೇ ಕೂರಿಸಿ, ‘ಇಷ್ಟು ದಿನ ಪಾಠಕ್ಕೆ ಹೋದದ್ದು ಯಾತಕ್ಕೆ, ನಾನೇ ಮಾತಾಡ್ತೀನಿ’ ಎಂದು ಒಬ್ಬಳೇ ಹೋದಳು. ದಾದಿ ಹೆಸರು ಕೇಳಿದಳು, ಹೇಳಿದಳು. ಹುಟ್ಟಿದ ತಾರೀಖು ಕೇಳಿದಳು, ಹೇಳಿದಳು. ಆಮೇಲೆ ‘ಆರ್ ಯು ಫಾಸ್ಟಿಂಗ್?’ ಎಂದಳು. ಫಾಸ್ಟಿಂಗ್ ಎಂದರೆ ಉಪವಾಸವೆಂದು ಅಕ್ಕನಿಗೆ ಗೊತ್ತು. ಗಾಂಧೀಜಿಯ ದೆಸೆಯಿಂದ ಆ ಮಾತು ನಮ್ಮವರಿಗೆಲ್ಲ ಗೊತ್ತು. ಅವಳು ಮನಸ್ಸಿನಲ್ಲೇ ಪಂಚಾಂಗ ತೆಗೆದು ನೋಡಿದಳು. ಅಂದು ದಶಮಿ, ಏಕಾದಶಿ ನಾಳೆ. ‘ನೋ, ನೋ’ ಎಂದಳು. ದಾದಿ ಮುಗುಳ್ನಕ್ಕು, ಇನ್ನೊಂದು ದಿನ ಬಾರೆಂದು ಹೊರಗೆ ಕಳಿಸಿದಳು. ಹೊಟ್ಟೆಯಲ್ಲಿ ಏನೂ ಇಲ್ಲದೆ ಕೂತಿದ್ದವಳು ಎದ್ದು ಬಂದು ಕಾರಿನಲ್ಲಿ ಅತ್ತಳಂತೆ. ನಮ್ಮ ಅಕ್ಕ ಅತ್ತದ್ದನ್ನು ನಾನು ನೋಡಿರುವುದು ಭಾವ ತೀರಿಕೊಂಡ ದಿನ ಮಾತ್ರ.

ಈ ಕಥೆ ಹೇಳಿದಾಗ ನನ್ನ ಇಂಗ್ಲಿಷ್ ಮಿತ್ರರು ನಕ್ಕರು. ನಗುವ ಕಥೆಯೇ ಸರಿ. ‘ಪದಸಂಪತ್ತು ಸಾಲದು’ ಎಂದು ತೀರ್ಪು ಕೊಟ್ಟರು. ಅದನ್ನು ನಾನು ಒಪ್ಪುವುದಿಲ್ಲ. ಪದ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಎದುರಿನವರನ್ನು ತಡೆದು ‘ಏಕೆ ಕೇಳುತ್ತೀರಿ? ಹಾಗೆಂದರೇನು?’ ಎನ್ನುವುದು. ಮಂಡಿಯಲ್ಲಿ ದಿನಕ್ಕೆ ನೂರು ಸಲ ‘ಯಾಕೆ?’ ಎಂದವಳು ಇಂಗ್ಲಿಷಿನಲ್ಲಿ ಒಮ್ಮೆಯೂ ಅನ್ನಲಾರದೆ ಹೋದಳು. ಅದಕ್ಕಾಗಿಯೇ ನಾನು ನೋಟ್‌ಬುಕ್ಕನ್ನು ತಿರುವಿ ಹಾಕಿದ್ದು. ‘ವೈ’ ಎಂಬ ಮಾತು ಅದರಲ್ಲಿ ಒಂದೇ ಒಂದು ಕಡೆ ಬಂದಿದೆ. ಉದ್ಯೋಗದ ಪಾಠದಲ್ಲಿ ಯಜಮಾನ ಕೇಳುತ್ತಾನೆ: ‘ವೈ ಆರ್ ಯು ಲೇಟ್?’ ಕೆಳಗೆ ಅಕ್ಕನ ದುಂಡು ಅಕ್ಷರದಲ್ಲಿ ಉತ್ತರ: ‘ಐ ಆಮ್ ಸಾರಿ.’ ಪ್ರಶ್ನೆ ಅವನದು, ಕ್ಷಮಾಪಣೆ ಇವಳದು.

ಇದು ಆ ಒಬ್ಬ ಉಪಾಧ್ಯಾಯಿನಿಯ ಕೈತಪ್ಪಲ್ಲ, ಇದಕ್ಕೊಂದು ವಂಶಾವಳಿಯಿದೆ. ಅಮೆರಿಕದ ಕಾರ್ಖಾನೆಗಳಲ್ಲಿ ಯೂರೋಪಿನ ನಾನಾ ದೇಶಗಳ ಕೂಲಿಗಳು ತುಂಬಿಕೊಂಡಿದ್ದ ಕಾಲದಲ್ಲಿ ಧಣಿಗಳೇ ಇಂಗ್ಲಿಷ್ ಶಾಲೆಗಳನ್ನು ತೆರೆದರು. ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ ಐದು ಡಾಲರ್ ಕೊಡುತ್ತೇನೆಂದು ಸಾರಿ ಹೆಸರಾದದ್ದು ಎಲ್ಲರಿಗೂ ಗೊತ್ತು. ಆ ಐದು ಡಾಲರಿಗೆ ಯೋಗ್ಯನೋ ಅಲ್ಲವೋ ಎಂದು ನೋಡಲು ಕಂಪನಿಯ ತನಿಖೆಯವರು ಕೂಲಿಯವನ ಮನೆಯೊಳಕ್ಕೆ ಬಂದು ಹೋಗುತ್ತಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಅದೇ ವರ್ಷ ಅವನ ಇಂಗ್ಲಿಷ್ ಶಾಲೆಯೂ ಪ್ರಾರಂಭವಾಯಿತು. ಶಾಲೆ ಮುಗಿದಾಗ ಒಂದು ನಾಟಕ: ವೇದಿಕೆಯ ಮೇಲೆ ಭಾರಿ ಕಡಾಯಿಯೊಂದನ್ನು ನಿಲ್ಲಿಸಿ, ತಮ್ಮ ತಮ್ಮ ದೇಶದ ಉಡುಪಿನಲ್ಲಿ ವಿದ್ಯಾರ್ಥಿಗಳು ಅದರೊಳಕ್ಕೆ ಇಳಿದು, ಅಮೆರಿಕದ ಬಟ್ಟೆ ತೊಟ್ಟು, ಬಾವುಟ ಹಿಡಿದು ಹೊರಗೆ ಬರುತ್ತಿದ್ದರು. ಕೃಷಿಯಂತ್ರಗಳನ್ನು ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಪಾಠವಂತೂ ಪ್ರಸಿದ್ಧ. ಸಿಳ್ಳೆ ಕೇಳಿದೊಡನೆ ಆತುರಪಡುವುದು, ಬಟ್ಟೆ ಬದಲಿಸಿ ಸಿದ್ಧನಾಗಿರುವುದು, ಸಿಳ್ಳೆಯಾಗುವವರೆಗೆ ಕೆಲಸ ಬಿಡದಿರುವುದು: ಕೂಲಿಯವನು ಕಲಿತ ಮೊದಲ ಇಂಗ್ಲಿಷು ಅದು. ಪಾಠವೂ ನಡೆಯಿತು, ಕಾರ್ಖಾನೆಯ ಕಾನೂನೂ ಬಾಯಿಪಾಠವಾಯಿತು.

ಅರವತ್ತು ವರ್ಷದ ಮೇಲೆ ಅದೇ ಮದ್ದು ಹೊಸ ಸೀಸೆಯಲ್ಲಿ ಬಂತು. 1975ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದವರು ವಯಸ್ಕನಿಗೆ ಬದುಕಲು ಏನೇನು ಬರಬೇಕೆಂದು ಪಟ್ಟಿ ಮಾಡಿದರು: ಉದ್ಯೋಗ, ಕೊಳ್ಳುವಿಕೆ, ಆರೋಗ್ಯ, ಊರಿನ ಸೌಕರ್ಯಗಳು, ಸರ್ಕಾರ ಮತ್ತು ಕಾನೂನು. ಅದೇ ವರ್ಷ ಸೈಗಾನ್ ಬಿತ್ತು. ವಿಯೆಟ್ನಾಮ್, ಲಾವೋಸ್, ಕಾಂಬೋಡಿಯಗಳಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದರು. ಅಮೆರಿಕಕ್ಕೆ ಹೋಗುವ ಮುನ್ನ ಫಿಲಿಪೀನ್ಸಿನ ಬಟಾನ್‌ನಂಥ ಶಿಬಿರಗಳಲ್ಲಿ ಅವರಿಗೆ ಬದುಕಿನ ಇಂಗ್ಲಿಷಿನ ಪಾಠವಾಯಿತು. ದೋಣಿಯಲ್ಲಿ ಸಮುದ್ರ ದಾಟಿ, ಕಡಲುಗಳ್ಳರಿಂದ ತಪ್ಪಿಸಿಕೊಂಡು ಬಂದವರಿಗೆ ಬದುಕುವ ಪಾಠ! ಅಲ್ಲಿ ಕಲಿಸಿದ್ದು ಕೂಲಿಯಿಂದ ಮೇಲೇಳದ ಇಂಗ್ಲಿಷೆಂದು ಜೇಮ್ಸ್ ಟಾಲೆಫ್ಸನ್ 1989ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದಕ್ಕೆ ಮುಂಚೆಯೇ, 1986ರಲ್ಲಿ, ಎಲ್ಸಾ ಅವರ್‌ಬಾಕ್ ಎಂಬ ವಿದುಷಿ ಈ ಪದ್ಧತಿ ಮುಂದಿಟ್ಟದ್ದು ಒಂದು ಹೆಜ್ಜೆಯೋ, ಹಿಂದಿಟ್ಟದ್ದು ಎರಡೋ ಎಂದು ಕೇಳಿದ್ದರು. ಇದ್ದ ವ್ಯವಸ್ಥೆಗೆ ಒಗ್ಗಿಕೊಳ್ಳುವುದನ್ನು ಕಲಿಸುತ್ತೇವೆ, ಅದನ್ನು ಪ್ರಶ್ನಿಸುವುದನ್ನಲ್ಲ ಎಂಬುದು ಅವರ ಆಕ್ಷೇಪಣೆಯ ತಿರುಳು. ಅವರು ಬರೆದು ನಲವತ್ತು ವರ್ಷವಾಗುತ್ತ ಬಂತು. ಅಕ್ಕನ ನೋಟ್‌ಬುಕ್ಕಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ವ್ಯಾಕರಣ ನನ್ನ ಕಸುಬಾದ್ದರಿಂದ ಒಂದು ಮಾತು ಹೇಳಲು ಅಪ್ಪಣೆಯಾಗಬೇಕು. ಬ್ರಿಟಿಷರ ಕಾಲದಲ್ಲಿ ದೊರೆಗಳಿಗಾಗಿ ಅಚ್ಚಾದ ಹಿಂದೂಸ್ತಾನಿ ಕೈಪಿಡಿಗಳನ್ನು ತೆರೆದರೆ ಕ್ರಿಯಾಪದಗಳು ಹೆಚ್ಚಾಗಿ ವಿಧ್ಯರ್ಥದಲ್ಲೇ ಕಾಣುತ್ತವೆ: ತಾ, ಹೋಗು, ಕುದುರೆ ಕಟ್ಟು, ನೀರು ಕಾಯಿಸು. ದೊರೆ ಕಲಿತದ್ದು ಆಜ್ಞೆ. ಅಲ್ಲಿ ಬಿಟ್ಟುಹೋದ ಇನ್ನೊಂದು ಅರ್ಧ, ಅಂದರೆ ಆಜ್ಞೆಗೆ ಕೊಡುವ ಉತ್ತರ, ಇಂದಿನ ಜೀವನ ಕೌಶಲದ ಪುಸ್ತಕದಲ್ಲಿ ಸಿಕ್ಕುತ್ತದೆ. ನಮ್ಮ ವ್ಯಾಕರಣಗಳು ವಿಧ್ಯರ್ಥದ ಪಕ್ಕದಲ್ಲೇ ನಿಷೇಧಾರ್ಥವನ್ನೂ ಇಟ್ಟಿವೆ. ‘ಮಾಡು’ ಇರುವಲ್ಲಿ ‘ಮಾಡೆನು’ ಎಂಬುದೂ ಇದೆ. ಒಂದನ್ನು ಕಲಿಸಿ ಇನ್ನೊಂದನ್ನು ಬಿಡುವುದು ಭಾಷೆಯ ಪಾಠವಾಗುವುದಿಲ್ಲ.

‘ಪಾಪ, ಅವರು ಅಕ್ಷರವನ್ನೇ ತಿದ್ದುತ್ತಿರುವವರು, ಪ್ರಶ್ನೆ ಕೇಳುವುದು, ವಾದಿಸುವುದು ಎಲ್ಲ ಮುಂದಿನ ತರಗತಿಗೆ ಇರಲಿ’ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ವಾದ ನನಗೆ ಅರ್ಥವೇ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಮಗು ಮೊದಮೊದಲು ಆಡುವ ಮಾತುಗಳಲ್ಲಿ ‘ಒಲ್ಲೆ’ ಒಂದು. ‘ಯಾಕೆ’ ಅದರ ಬೆನ್ನಿಗೇ ಬರುತ್ತದೆ. ಇಂಗ್ಲಿಷಿನಲ್ಲಿ ‘ನೋ’ ಎನ್ನಲು ಎರಡಕ್ಷರ, ‘ವೈ’ ಎನ್ನಲು ಮೂರಕ್ಷರ. ‘ರೆಫ್ರಿಜರೇಟರ್’ ಎಂಬುದನ್ನು ಅಕ್ಕನಿಂದ ಹತ್ತು ಸಲ ಬರೆಸಿದ್ದಾರೆ. ಯಾವುದು ಕಷ್ಟ? ಇಂಗ್ಲಿಷ್ ಮಿತ್ರರು ಹೇಳುವಂತೆ ಮೊದಲು ಕಾಲಗಳು, ಆಮೇಲೆ ವಾಕ್ಯ, ಕೊನೆಗೆ ಸಾಹಿತ್ಯ ಎಂದು ಹೊರಟರೆ ಅದಕ್ಕೆ ಎಂಟು ವರ್ಷ ಬೇಕು; ಅಕ್ಕನಿಗೆ ಇದ್ದದ್ದು ಆರು ತಿಂಗಳು. ಅಂಗಡಿ, ಆಸ್ಪತ್ರೆ, ಬಸ್ಸುಗಳ ಇಂಗ್ಲಿಷನ್ನು ಕಲಿಸಲೇಬೇಕು. ಆ ಅಂಗಡಿಯಲ್ಲಿ ಕೆಟ್ಟ ಪದಾರ್ಥವನ್ನು ಹಿಂದಿರುಗಿಸುವ, ಆಸ್ಪತ್ರೆಯಲ್ಲಿ ವೈದ್ಯನನ್ನು ಮತ್ತೊಮ್ಮೆ ಕೇಳುವ, ‘ನನಗೆ ದುಭಾಷಿ ಬೇಕು’ ಎನ್ನುವ ಇಂಗ್ಲಿಷನ್ನೂ ಅದರ ಜೊತೆಗೇ ಕಲಿಸಬೇಕೆಂಬುದಷ್ಟೇ ನನ್ನ ಹಠ.

ದುಭಾಷಿಯ ಮಾತು ಸುಮ್ಮನೆ ಹೇಳಿದ್ದಲ್ಲ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆಧಾರದ ಮೇಲೆ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷು ಬಾರದವರಿಗೆ ಭಾಷೆಯ ನೆರವು ಕೊಡಬೇಕೆಂಬ ನಡವಳಿಕೆ ಬೆಳೆದು ಬಂದಿದೆ. ಇದನ್ನು ಬಲಪಡಿಸಿ 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ್ದ ಆಜ್ಞೆಯನ್ನು 2025ರ ಮಾರ್ಚಿಯಲ್ಲಿ ಅಧ್ಯಕ್ಷ ಟ್ರಂಪ್ ರದ್ದುಮಾಡಿ, ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದರು. ಹಕ್ಕು ಸಣ್ಣದಾಗುತ್ತಿರುವ ಕಾಲದಲ್ಲಿ ಅದನ್ನು ಕೇಳುವ ವಾಕ್ಯವನ್ನು ಕಲಿಸದೆ ಪ್ಲಾಸ್ಟಿಕ್ ಸೇಬಿನ ಬೆಲೆ ಕಲಿಸುತ್ತ ಕೂರುವುದು ಸಲ್ಲದು.

ಆ ತರಗತಿಯಲ್ಲಿ ಇನ್ನೊಂದು ನಿಯಮವಿತ್ತು: ಒಳಗೆ ಬಂದ ಮೇಲೆ ತಾಯಿನುಡಿ ಆಡಕೂಡದು. ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದಾಕೆ ಅನಂತಪುರದ ಕಡೆಯವಳು, ಕನ್ನಡ ಚೆನ್ನಾಗಿ ಬಲ್ಲವಳು. ಇಬ್ಬರೂ ಮೂಕರಂತೆ ಕೂತಿರುತ್ತಿದ್ದರು. ಐದು ನಿಮಿಷ ಕನ್ನಡದಲ್ಲಿ ಮಾತಾಡಲು ಬಿಟ್ಟಿದ್ದರೆ ರಕ್ತಪರೀಕ್ಷೆಯ ಉಪವಾಸ ಬೇರೆ, ಏಕಾದಶಿಯ ಉಪವಾಸ ಬೇರೆ ಎಂಬುದು ಬಗೆಹರಿಯುತ್ತಿತ್ತು. 2010ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಔಷಧದಂಗಡಿಗಳನ್ನು ಪರೀಕ್ಷಿಸಿತು. ಅಲ್ಲಿ ಯಂತ್ರ ಅನುವಾದಿಸಿದ ಸ್ಪ್ಯಾನಿಷ್ ಚೀಟಿಗಳಲ್ಲಿ ಇಂಗ್ಲಿಷಿನ ‘ವನ್ಸ್’ ಪದ ಹಾಗೆಯೇ ಉಳಿದಿರುವುದುಂಟಂತೆ. ಅದೇ ಅಕ್ಷರಗಳಿಗೆ ಸ್ಪ್ಯಾನಿಷಿನಲ್ಲಿ ಹನ್ನೊಂದು ಎಂದರ್ಥ. ದಿನಕ್ಕೊಮ್ಮೆ ನುಂಗಬೇಕಾದ ಗುಳಿಗೆಯನ್ನು ಹನ್ನೊಂದು ಸಲ ನುಂಗಿದರೆ ಗತಿಯೇನು? ಎರಡು ಭಾಷೆಗಳ ನಡುವೆ ಇಂಥ ಗುಂಡಿಗಳಿರುತ್ತವೆ. ತಾಯಿನುಡಿಯನ್ನು ಬಾಗಿಲ ಹೊರಗೆ ನಿಲ್ಲಿಸಿದವನಿಗೆ ಅವು ಕಾಣುವುದು ಹೇಗೆ?

ದೂರದ ಅಮೆರಿಕವನ್ನು ಬೈಯುವುದು ಸುಲಭ. ಮೂರು ತಿಂಗಳ ಕೆಳಗೆ ಬೆಂಗಳೂರಿನ ನಮ್ಮ ಬಡಾವಣೆಯಲ್ಲೇ ಮನೆಗೆಲಸದ ಹೆಣ್ಣುಮಕ್ಕಳಿಗಾಗಿ ಭಾನುವಾರದ ಇಂಗ್ಲಿಷ್ ತರಗತಿಯೊಂದನ್ನು ಕೆಲವು ಸಜ್ಜನರು ತೆರೆದರು. ಉದ್ಘಾಟನೆಗೆ ನನ್ನನ್ನು ಕರೆದರು. ಕೈಗೊಂದು ಅಚ್ಚಾದ ಪುಸ್ತಿಕೆ ಕೊಟ್ಟರು. ‘ಗುಡ್ ಮಾರ್ನಿಂಗ್ ಮೇಡಂ’, ‘ಪಾತ್ರೆ ತೊಳೆಯಲೇ ಮೇಡಂ’, ‘ತಡವಾಯಿತು, ಸಾರಿ ಮೇಡಂ’. ‘ಈ ತಿಂಗಳ ಸಂಬಳ ಇನ್ನೂ ಬಂದಿಲ್ಲ ಮೇಡಂ’ ಎಂಬ ವಾಕ್ಯಕ್ಕಾಗಿ ಕೊನೆಯ ಪುಟದವರೆಗೂ ಹುಡುಕಿದೆ, ಇರಲಿಲ್ಲ. ‘ನಾಳೆ ರಜೆ ಬೇಕು’ ಎಂಬುದೂ ಇರಲಿಲ್ಲ. ಆ ಎರಡು ವಾಕ್ಯಗಳನ್ನು ಸೇರಿಸಿ ಎಂದು ನನ್ನ ಭಾಷಣದಲ್ಲಿ ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಜೋರಾಗಿ ನಕ್ಕರು. ಮುಂದಿನ ಸಾಲಿನಲ್ಲಿದ್ದ ಸಂಘಟಕರು ನಗಲಿಲ್ಲ. ಸಭೆ ಮುಗಿದ ಮೇಲೆ ನನಗೆ ಕಾಫಿ ಬಂದದ್ದು ಎಲ್ಲರಿಗೂ ಕೊಟ್ಟಾದ ಮೇಲೆ. ಪುಸ್ತಿಕೆಯ ಎರಡನೆಯ ಮುದ್ರಣದಲ್ಲಿ ‘ರಜೆ ಬೇಕು’ ಸೇರಿದೆಯೆಂದು ಕೇಳಿದ್ದೇನೆ. ಸಂಬಳದ ವಾಕ್ಯ ಪರಿಶೀಲನೆಯಲ್ಲಿದೆಯಂತೆ.

ಬ್ರೆಜಿಲಿನ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಮುನ್ನೂರು ಮಂದಿ ಕೂಲಿಕಾರರಿಗೆ ನಲವತ್ತು ಗಂಟೆಗಳಲ್ಲಿ ಓದುಬರಹ ಕಲಿಸಲು ಹೊರಟರು. ಅವರ ಪದ್ಧತಿಯಲ್ಲಿ ‘ಇಟ್ಟಿಗೆ’ಯಂಥ ದಿನಬಳಕೆಯ ಮಾತೇ ಪಾಠ, ಆದರೆ ಇಟ್ಟಿಗೆ ಯಾರು ಹೊರುತ್ತಾರೆ, ಆ ಮನೆಯಲ್ಲಿ ಯಾರು ಇರುತ್ತಾರೆ ಎಂಬ ಪ್ರಶ್ನೆಯೂ ಅದರೊಡನೆಯೇ ಬರುತ್ತಿತ್ತು. ಮಾರನೆಯ ವರ್ಷ ಸೈನಿಕರು ಅಧಿಕಾರ ಹಿಡಿದು ಅವರನ್ನು ಸೆರೆಮನೆಗೆ ಹಾಕಿದರು. ನನಗೆ ಕಾಫಿ ತಡವಾದದ್ದು ಏನೇನೂ ಅಲ್ಲ.

ಅಕ್ಕ ಬರುವ ಚೈತ್ರಕ್ಕೆ ಮತ್ತೆ ಹೊರಡುತ್ತಾಳೆ. ಹೋದ ವಾರ ಹೊಸ ನೋಟ್‌ಬುಕ್ಕು ಹಿಡಿದುಕೊಂಡು ಬಂದು, “ನೀವು ಹೇಳಿದ್ದು ನಂಗೆ ತಿಳೀಲಿಲ್ಲ, ತಿಳಿಯೋ ಹಾಗೆ ಇನ್ನೊಂದು ಸಲ ಹೇಳಿ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೋ?” ಎಂದಳು. ತಪ್ಪಾಗಬಾರದೆಂದು ನಾನು ಇಂಗ್ಲಿಷ್ ಮಿತ್ರರಿಗೆ ಫೋನು ಮಾಡಿದೆ. ಅವರು ‘ವುಡ್ ಯು ಬಿ ಸೋ ಕೈಂಡ್’ ಎಂದು ಪ್ರಾರಂಭಿಸಿ ಎರಡು ಸಾಲಿನಷ್ಟು ಉದ್ದದ ವಾಕ್ಯವನ್ನು ದಯಪಾಲಿಸಿದರು. ಅಕ್ಕ ಅದನ್ನು ಕೇಳಿ, “ಅಷ್ಟು ಹೇಳೋ ಹೊತ್ತಿಗೆ ಆ ಹುಡುಗಿ ಮುಂದಿನವರನ್ನ ಕರೆದಿರ್ತಾಳೆ,” ಎಂದು ತಲೆಯಾಡಿಸಿದಳು. ಮೊದಲ ಪುಟದಲ್ಲಿ, ತನ್ನ ಹೆಸರು ವಿಳಾಸಗಳಿಗೂ ಮೇಲೆ, ಕನ್ನಡ ಅಕ್ಷರದಲ್ಲೇ ಬರೆದುಕೊಂಡಳು: ವೈ? ಸೇ ಅಗೈನ್.