ಬಿಸಿಲೇ ಬೆಳೆಯಾದ ದಾರಿ
ಕೊರಟಗೆರೆಯಲ್ಲಿ ತಿಂಡಿ ತಿಂದು ಬೆಂಗಳೂರಿಗೆ ಮರಳಬೇಕಿದ್ದವರು ಸುಮ್ಮನೆ ಕಾರನ್ನು ಉತ್ತರಕ್ಕೆ ತಿರುಗಿಸಿದೆವು. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವ ಹುಮ್ಮಸ್ಸು ಆ ಬಿಸಿಲಲ್ಲಿ ಯಾರಿಗೂ ಇರಲಿಲ್ಲ. ಕತ್ತೆತ್ತಿ ನೋಡಿದ್ದೇ ಬಂತು. ಮಿಡಿಗೇಶಿ ದಾಟಿದರೆ ಜಾಲಿ, ಬಂಡೆ, ಕಡಲೆಕಾಯಿ ಹೊಲ. ಮರಳುದಿಬ್ಬ ಒಂದಿಲ್ಲ, ಉಳಿದಂತೆ ಮರುಭೂಮಿಯೇ. ಪಾವಗಡದ ಚಹಾ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ, ಸಕ್ಕರೆ ಮಾತ್ರ ಎರಡೂ ಭಾಷೆಗಾಗುವಷ್ಟು! ಮಳೆ ಕೈಕೊಟ್ಟ ಈ ನೆಲದಲ್ಲಿ, ತಿರುಮಣಿಯ ಸುತ್ತ, ಈಗ ಸುಮಾರು 13,000 ಎಕರೆ ಸೌರಫಲಕ. 2,050 ಮೆಗಾವ್ಯಾಟ್ ವಿದ್ಯುತ್ ಸಾಮರ್ಥ್ಯ. ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆ ಮಾಡಿಕೊಂಡದ್ದು ಜಾಣತನವೇ. ಆದರೆ ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಶಿರಾ ಸೇರುವಷ್ಟರಲ್ಲಿ ಕತ್ತಲು. ಮೊಘಲರ ಸುಬಾದ (ಪ್ರಾಂತ್ಯದ) ರಾಜಧಾನಿಯಾಗಿದ್ದ ಊರಿನ ಕೋಟೆ, ಮಲಿಕ್ ರಿಹಾನ್ ಗೋರಿ ಇನ್ನೊಂದು ಭಾನುವಾರಕ್ಕೆ ಉಳಿದವು.